ಎರಡು ಸೀಟಿನ ಕಾರು, ಆರು ವರ್ಷದ ಮಗಳು

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ದಕ್ಷಿಣೇಶ್ವರಕ್ಕೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಯಜಮಾನರು ಬೆಂಗಳೂರಿನಿಂದ ಒಂದು ಹಳೆಯ ‘ಸ್ಯಾನ್ ಸ್ಟಾರ್ಮ್’ ಕಾರು ತಂದಿದ್ದಾರೆ. ಎರಡೇ ಸೀಟು, ತೆರೆದ ಕಾರು. ಆರು ವರ್ಷದ ಮಗಳನ್ನು ಅದರಲ್ಲಿ ಕೂರಿಸಿಕೊಂಡು ಹೊಳೆಯಾಚೆ ಬೇಲೂರು ಮಠಕ್ಕೆ ಹೋಗಿಬರಬೇಕೆಂದು ಅವರಿಗೆ ಆಸೆ. ‘ಬೆಲ್ಟ್ ಇದೆಯಲ್ಲ, ಮತ್ತೇನು?’ ಅನ್ನುತ್ತಾರೆ. ನನಗೆ ಧೈರ್ಯ ಸಾಲದು. ಮಗುವಿಗೆ ಒಗ್ಗುವ ಹಾಗೆ ಆ ಕಾರನ್ನು ಭದ್ರ ಮಾಡಲು ಆಗುತ್ತದೆಯೇ?
– ಓದುಗರು, ದಕ್ಷಿಣೇಶ್ವರ, ಕೋಲ್ಕತ್ತ

ಉತ್ತರ: ಆಗಬಹುದು, ಆದರೆ ಅದನ್ನು ನಿರ್ಧರಿಸುವುದು ನಾನೂ ಅಲ್ಲ, ನಿಮ್ಮ ಯಜಮಾನರೂ ಅಲ್ಲ, ಸೀಟಿನ ಅಡಿಯಲ್ಲಿರುವ ಒಂದು ಬೋಲ್ಟು.

ಮೊದಲು ಕಾರಿನ ಬಗ್ಗೆ ಎರಡು ಮಾತು. ಸ್ಟಾರ್ಮ್ ನಮ್ಮವರದೇ ಸಾಹಸ. ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಗೋವಾದ ಕಾರ್ಖಾನೆಯಿಂದ ಹೊರತಂದ ಪುಟ್ಟ ಕಾರು ಅದು. ಎಂಜಿನ್ ಫ್ರಾನ್ಸಿನ ರೆನೊದ್ದು, 1149 ಸಿಸಿ. ಬಾಡಿ ಮಾತ್ರ ಫೈಬರ್. ಓಡಿಸಲು ಮಜವಾದ ಕಾರು. ನಿಮ್ಮ ಯಜಮಾನರ ಆಸೆ ನನಗೂ ಅರ್ಥವಾಗುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು ಈ ಫೈಬರ್ ಬಾಡಿಯೇ. ಅದು ತುಕ್ಕು ಹಿಡಿಯುವುದಿಲ್ಲ, ನಿಜ. ಬೋಲ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಇಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ. ಕಾರು ಸ್ಟಾರ್ಮ್ ಅಲ್ಲ, ಬೇರೊಂದು ಫೈಬರ್ ಬಾಡಿಯ ಹಳೇ ಗಾಡಿ. ಹಿಂದಿನ ಮಾಲೀಕರು ಎಲ್ಲೋ ಹೊಸ ಬೆಲ್ಟ್ ಹಾಕಿಸಿದ್ದರು. ಕೆಂಪು ಗುಂಡಿ ಒತ್ತಿದರೆ ಟಕ್ ಅಂತ ಬಿಚ್ಚಿಕೊಳ್ಳುವ ಚೆಂದದ ಬೆಲ್ಟು. ಮೆಕ್ಯಾನಿಕ್ ಮ್ಯಾಟ್ ಎತ್ತಿ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಬೋಲ್ಟಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ಅಲ್ಲಾಡಿಸಿದ. ಸುತ್ತಲ ಫೈಬರ್ ಹಪ್ಪಳದ ಹಾಗೆ ಕರಕರ ಅಂದಿತು, ಬಿಳೀ ಪುಡಿ ಉದುರಿತು. ಕೆಳಗೆ ಬಗ್ಗಿ ನೋಡಿದರೆ ಎಂಟಾಣೆ ಅಗಲದ ಒಂದು ವಾಷರ್ ಇತ್ತು, ಅಷ್ಟೇ. ಚಾಸಿ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

ಆ ವಾಷರ್ ಎಷ್ಟು ಭಾರ ತಡೆಯಬೇಕಿತ್ತು ಗೊತ್ತೇ? ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಯಾವುದಕ್ಕೋ ಬಡಿದು ಅರ್ಧ ಮೀಟರಿನೊಳಗೆ ನಿಂತಿತು ಅನ್ನಿ. ಆ ಕ್ಷಣದಲ್ಲಿ ಒಳಗಿರುವವರ ತೂಕ ಸುಮಾರು ಇಪ್ಪತ್ತು ಪಟ್ಟು ಆದಂತೆ. ನಿಮ್ಮ ಮಗಳು 20 ಕಿಲೋ ಇದ್ದರೆ ಬೆಲ್ಟಿನ ಮೇಲೆ 400 ಕಿಲೋ. ‘ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡ್ಕೋತೀನಿ’ ಎನ್ನುವವರಿಗೂ ಇದೇ ಲೆಕ್ಕ. ಅಕ್ಕಿ ಮೂಟೆ ಹೊರುವ ಹಮಾಲಿಯ ತೋಳಿಗೂ ಅದು ನಿಲ್ಲುವುದಿಲ್ಲ. ಸೀಟುಗಳ ಹಿಂದಿನ ಇಕ್ಕಟ್ಟಿನಲ್ಲಿ ಮಗುವನ್ನು ತೂರಿಸುವ ಯೋಚನೆಯಂತೂ ಬೇಡವೇ ಬೇಡ. ಅದು ಚೀಲ ಇಡುವ ಜಾಗ.

ಹಾಗಾಗಿ ಮೊದಲ ಕೆಲಸ ಅಂಗಡಿಗೆ ಹೋಗಿ ಮಕ್ಕಳ ಸೀಟು ಕೊಳ್ಳುವುದಲ್ಲ, ಕಾರನ್ನು ಲಿಫ್ಟ್ ಮೇಲೆ ಏರಿಸುವುದು. ಬೆಲ್ಟಿನ ಮೂರೂ ಬೋಲ್ಟುಗಳು ಎಲ್ಲಿ ಹೋಗಿ ಸೇರುತ್ತವೆ ಎಂದು ಅಡಿಯಿಂದ ನೋಡಲಿ. ಉಕ್ಕಿನ ಚಾಸಿಗೆ, ಅಥವಾ ಚಾಸಿಗೆ ವೆಲ್ಡ್ ಮಾಡಿದ ದಪ್ಪ ಪಟ್ಟಿಗೆ ಸೇರಿದ್ದರೆ ಸರಿ. ಆ ಉಕ್ಕು ಕೂಡ ಗಟ್ಟಿಯಿರಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟಣ್ ಅನ್ನಬೇಕು. ದಬ್ ಅಂದರೆ ಒಳಗೆ ತುಕ್ಕು ತಿಂದಿದೆ ಎಂದರ್ಥ. ಗಂಗೆಯ ದಡದ ತೇವದಲ್ಲಿ ನಿಂತ ಗಾಡಿಗೆ ಇದನ್ನು ಎರಡು ಸಲ ಮಾಡಿಸಿ. ಬೋಲ್ಟು ಹಾಳಾಗಿದ್ದರೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಹಾಕಲು ಬಿಡಬೇಡಿ. ಸೀಟ್ ಬೆಲ್ಟಿಗೆಂದೇ ಮಾಡಿದ, ಇಂಚಿನ ಹದಿನಾರರಲ್ಲಿ ಏಳು ಭಾಗ ದಪ್ಪದ ಗಟ್ಟಿ ಉಕ್ಕಿನ ಬೋಲ್ಟುಗಳು ಸಿಗುತ್ತವೆ. ಫೈಬರಿಗೇ ಕಚ್ಚಿಸಿದ ಬೋಲ್ಟು ಕಂಡರೆ ಅಲ್ಲಿಗೆ ನಿಲ್ಲಿಸಿ. ಚಾಸಿಗೆ ಪಟ್ಟಿ ಕೂರಿಸುವ ಕೆಲಸ ಬಲ್ಲವರು ಸಿಗುವ ತನಕ ಮಗು ಆ ಕಾರು ಹತ್ತುವುದು ಬೇಡ.

ಇನ್ನು ಬೆಲ್ಟು. ಸೊಂಟಕ್ಕೆ ಮಾತ್ರ ಬರುವ ಪಟ್ಟಿಯಾದರೆ ಬದಲಿಸಲೇಬೇಕು. ಅದು ಹೊಟ್ಟೆಯನ್ನು ಹಿಸುಕಿ ತಲೆಯನ್ನು ಡ್ಯಾಶ್‌ಬೋರ್ಡಿಗೆ ಬಿಟ್ಟುಕೊಡುತ್ತದೆ. ವೋಲ್ವೊದ ಎಂಜಿನಿಯರ್ ನಿಲ್ಸ್ ಬೊಲಿನ್ 1959ರಲ್ಲಿ ಸೊಂಟ, ಎದೆ, ಭುಜ ಮೂರನ್ನೂ ಹಿಡಿಯುವ ಬೆಲ್ಟ್ ಮಾಡಿದ್ದು ಇದಕ್ಕೇ. ತೆರೆದ ಕಾರಿನಲ್ಲಿ ಬಿಸಿಲೂ ಬೆಲ್ಟನ್ನು ತಿನ್ನುತ್ತದೆ. ಪೂರಾ ಎಳೆದು ಹೊರತೆಗೆದು, ಬೆರಳಲ್ಲಿ ಮಡಚಿ ನೋಡಿ. ಅಂಚಿನ ಎಳೆ ಬಿಟ್ಟಿದ್ದರೆ, ಬಣ್ಣ ಮಾಸಿ ಬಿರುಸಾಗಿದ್ದರೆ, ಗಕ್ಕನೆ ಎಳೆದಾಗ ಹಿಡಿದುಕೊಳ್ಳದಿದ್ದರೆ ಹೊಸದು ಹಾಕಿಸಿ.

ಎರಡು ಸೀಟಿನ ಕಾರುಗಳಲ್ಲಿ ಇನ್ನೊಂದು ಪೇಚಿದೆ, ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮೇಲೆ ಕಂಬವಿಲ್ಲದ್ದರಿಂದ ಭುಜದ ಬೆಲ್ಟು ಎಷ್ಟೋ ಸಲ ಸೀಟಿನ ಹಿಂದೆ ತಗ್ಗಿನಲ್ಲಿ ಹುಟ್ಟಿ, ಸೀಟನ್ನು ಹತ್ತಿ ಇಳಿದು ಎದೆಗೆ ಬರುತ್ತದೆ. ಅಪಘಾತದಲ್ಲಿ ಆ ಬೆಲ್ಟು ಭುಜವನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಒತ್ತುತ್ತದೆ, ಏಟೆಲ್ಲ ಬೆನ್ನುಮೂಳೆಗೆ. ಬೆಲ್ಟು ಹೊರಡುವ ಜಾಗ ಮಗುವಿನ ಭುಜದ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇರಬೇಕು. ನೆನಪಿಡಿ, ಮಗುವನ್ನು ಎತ್ತರಿಸುವ ಬೂಸ್ಟರ್ ಸೀಟಿನ ಮೇಲೆ ಕೂತಾಗಿನ ಭುಜ.

ಬೋಲ್ಟು, ಬೆಲ್ಟು ಎರಡೂ ಪರೀಕ್ಷೆ ದಾಟಿದರೆ ಮಾತ್ರ ಮಕ್ಕಳ ಸೀಟಿನ ಮಾತು. ಆರು ವರ್ಷಕ್ಕೆ ಬೆನ್ನು, ತಲೆಯಾಸರೆ ಎರಡೂ ಇರುವ ಬೂಸ್ಟರ್ ಬೇಕು. ಬರೀ ದಿಂಬಿನಂಥದ್ದು ಸಾಲದು, ಹಳೇ ಕಾರಿನ ಸೀಟಿಗೆ ಕತ್ತಿನ ಆಸರೆಯ ಭರವಸೆ ಇಲ್ಲ. ಅದರ ಮೇಲೆ ಭಾರತದ ಎಐಎಸ್-072 ಅಥವಾ ಯುರೋಪಿನ ಆರ್44, ಆರ್129 ಗುರುತು ನೋಡಿ. ದುಡ್ಡು ಕೊಡುವ ಮೊದಲು ಕಾರಿನಲ್ಲಿಟ್ಟು ನೋಡಲು ಬಿಡುವ ಅಂಗಡಿಗೇ ಹೋಗಿ. ಸ್ಪೋರ್ಟ್ಸ್ ಕಾರಿನ ಸೀಟು ಬಾಣಲೆಯಂತೆ ಗುಳಿ ಬಿದ್ದಿರುತ್ತದೆ, ಬೂಸ್ಟರ್ ಅದರಲ್ಲಿ ಓಲಾಡುತ್ತದೆ. ಓಲಾಡಿದರೆ ಅಡಿಗೆ ಟವೆಲ್ ಮಡಚಿಟ್ಟು ಸರಿಮಾಡಬೇಡಿ, ಬೇರೆ ಮಾದರಿ ಕೇಳಿ. ಕೂರಿಸಿದ ಮೇಲೆ ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ರೇಸಿನವರ ನಾಲ್ಕು ಪಟ್ಟಿಯ ಬೆಲ್ಟು ಮಗುವಿಗೆ ಹಾಕಬೇಕೆಂಬ ಹುಮ್ಮಸ್ಸು ಯಜಮಾನರಿಗೆ ಬಂದರೆ ದಯವಿಟ್ಟು ತಡೆಯಿರಿ.

ಬೂಸ್ಟರ್ ಮಗುವನ್ನು ಎತ್ತರಿಸುತ್ತದೆ, ಇದು ತೆರೆದ ಕಾರು. ಮುಂದಿನ ಗಾಜಿನ ಮೇಲಂಚಿನಿಂದ ಸೀಟಿನ ಹಿಂದಿನ ಗಟ್ಟಿ ಕಬ್ಬಿಣದ ತನಕ ಒಂದು ಉದ್ದ ಕೋಲು ಇಟ್ಟು ನೋಡಿ. ಅವಳ ನೆತ್ತಿ ಆ ಕೋಲಿಗೆ ತಾಗಿದರೆ, ಕಾರು ಮಗುಚಿದಾಗ ಮೊದಲು ನೆಲ ಮುಟ್ಟುವುದು ಅವಳ ತಲೆ. ಹಿಂದೆ ಅಂಥ ಕಬ್ಬಿಣವೇ ಇಲ್ಲದಿದ್ದರೆ, ನಾನಾಗಿದ್ದರೆ ಕೂರಿಸುವುದಿಲ್ಲ. ಬಟ್ಟೆಯ ಮಾಡು ಕಾಲಬೈಶಾಖಿಯ ಮಳೆಗೆ ಕೊಡೆ ಅಷ್ಟೇ.

ಬಹಳ ದಿನ ನಿಂತ ಗಾಡಿಯಾದರೆ ಪೆಟ್ರೋಲ್ ಪೈಪು ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥೆನಾಲ್ ಇದೆ. ಆ ಕಾಲದ ರಬ್ಬರು ಅದಕ್ಕೆ ಉಬ್ಬಿ ಸೀಳುತ್ತದೆ, ಸೀಳಿದ್ದು ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತದೆ. ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದರೆ 2018ರ ಇಪ್ಪತ್ಮೂರನೇ ವಾರ. ಮಗಳಿಗಿಂತ ಟಯರಿಗೆ ವಯಸ್ಸಾಗಿದ್ದರೆ ತೆಗೆಸಿಬಿಡಿ.

ಕಾನೂನಿನ ಮಾತು ಸಣ್ಣದು. ಹದಿನಾಲ್ಕು ತುಂಬದ ಮಗುವನ್ನು ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಕರೆದೊಯ್ದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1000 ರೂಪಾಯಿ ದಂಡ. ಹದಿನೈದು ವರ್ಷ ಕಳೆದ ಕಾರಿಗೆ ನೋಂದಣಿ ನವೀಕರಣವಾಗಿರಬೇಕು. ಬೆಂಗಳೂರಿನ ಕೆಎ ನಂಬರು ಬಂಗಾಳದಲ್ಲಿ ಹನ್ನೆರಡು ತಿಂಗಳು ದಾಟಿದರೆ ಅಲ್ಲಿನ ನಂಬರಿಗೆ ಬದಲಿಸಿಕೊಳ್ಳಬೇಕು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಿಂದ ಇರುವ ವಿಂಟೇಜ್ ನೋಂದಣಿ ನಿಮಗೆ ಸಲ್ಲದು. ನಿಮ್ಮದು ಇನ್ನೂ ಹರೆಯದ ಕಾರು.

‘ನಾವೆಲ್ಲ ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ನಿಂತುಕೊಂಡೇ ಬೆಳೆದೆವಲ್ಲ’ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ. ಬಾಲಿ ಸೇತುವೆ ದಾಟಿ ಜಿ.ಟಿ. ರೋಡಿನಲ್ಲಿ ಉತ್ತರಕ್ಕೆ ತಿರುಗಿದರೆ ಸಿಗುವ ಉತ್ತರಪಾಡಾದಲ್ಲೇ 2014ರ ತನಕ ಅಂಬಾಸಿಡರ್ ತಯಾರಾಗುತ್ತಿದ್ದದ್ದು. ಹಾಗೆ ನಿಂತು ಬೆಳೆದವರು ಕತೆ ಹೇಳುತ್ತಾರೆ. ಬೆಳೆಯದೆ ಹೋದವರ ಕತೆ ನಮಗೆ ಕೇಳುವುದಿಲ್ಲ.

ಎಲ್ಲ ಸರಿಹೋಗಿ ಹೊರಟಿರಾದರೆ ಅದೇ ಬಾಲಿ ಸೇತುವೆಯ ಮೇಲೆ, ಬೆಳಗಿನ ಹೊತ್ತು, ನಿಧಾನಕ್ಕೆ ಹೋಗಿ. ಪಕ್ಕದ ನಿವೇದಿತಾ ಸೇತುವೆ ನೋಡಲು ಸೊಗಸು, ಆದರೆ ಲಾರಿಗಳು ಓಡುವ ವೇಗದ ದಾರಿ. ಅಷ್ಟು ಕೆಳಗೆ ಕೂತ ನಿಮ್ಮ ಕಾರು ಲಾರಿ ಡ್ರೈವರಿನ ಕಣ್ಣಿಗೆ ಬೀಳುವುದೇ ಕಷ್ಟ. 50ರ ಬದಲು 35ರಲ್ಲಿ ಹೋದರೆ ಏಟಿನ ಬಲ ಅರ್ಧಕ್ಕಿಳಿಯುತ್ತದೆ.

ಬೋಲ್ಟಿನ ಕೆಲಸ ಮುಗಿಯುವ ತನಕ ಮಗಳ ಬೇಲೂರು ಪ್ರವಾಸ ನಿಲ್ಲಬೇಕಾಗಿಲ್ಲ. ದಕ್ಷಿಣೇಶ್ವರದ ಘಾಟಿನಿಂದ ಬೇಲೂರು ಮಠಕ್ಕೆ ದೋಣಿ ಹೋಗುತ್ತದೆ. ಹತ್ತುವಾಗ ಅವಳ ಅಳತೆಯ ಲೈಫ್ ಜಾಕೆಟ್ ಕೇಳಿ ತೊಡಿಸಿ.