ಹೆಂಡತಿಗೆ ತಿಳಿಯದಂತೆ ರಕ್ತ ಪರೀಕ್ಷೆ ಮಾಡಿಸಲೇ?

ಮೇಡಂ, ನಮ್ಮದು ಚಿಂತಾಮಣಿ ಕಡೆ. ಚೆನ್ನೈನ ಪೋರೂರಿಗೆ ಬಂದು ಎಂಟು ವರ್ಷವಾಯಿತು, ಈಗ ಕಂಪನಿ ವ್ಯಾನ್ ಓಡಿಸುತ್ತೇನೆ. ಹೋದ ತಿಂಗಳು ಟಿಬಿ ಎಂದರು. ಟಿಬಿ ಇದ್ದವರಿಗೆಲ್ಲ ಮಾಡುವ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಪಾಸಿಟಿವ್ ಬಂತು. ಹೆಂಡತಿಯನ್ನು ಕರೆತನ್ನಿ ಎನ್ನುತ್ತಿದ್ದಾರೆ ಕೌನ್ಸೆಲರ್. ಹೇಗೂ ಮನೆಯವರಿಗೆಲ್ಲ ಟಿಬಿ ತಪಾಸಣೆ ಆಗಬೇಕಂತೆ. ಅದರ ಜೊತೆಗೇ ಅವಳಿಗೆ ತಿಳಿಯದಂತೆ ಇದನ್ನೂ ಮಾಡಿಸಿಬಿಡಲೇ? ಎರಡನೇ ಬಸಿರಿನಲ್ಲಿ ಅವಳಿಗೆ ನೆಗೆಟಿವ್ ಬಂದಿತ್ತು. ಮಗಳಿಗೆ ಐದು ವರ್ಷ, ಮಗನಿಗೆ ಹನ್ನೊಂದು ತಿಂಗಳು, ಇನ್ನೂ ಹಾಲು ಕುಡಿಯುತ್ತಾನೆ. ಅಮ್ಮನೂ ಜೊತೆಗಿದ್ದಾರೆ. ಮೊದಲು ಲಾರಿ ಓಡಿಸುತ್ತಿದ್ದಾಗ ಒಬ್ಬರ ಸಹವಾಸವಿತ್ತು. ಊರಲ್ಲಿ ಗೊತ್ತಾದರೆ ತಲೆ ಎತ್ತಿ ಓಡಾಡುವ ಹಾಗಿಲ್ಲ.
– ಹೆಸರು ಬೇಡ, ಪೋರೂರು

ಬೇಡಿ, ಕದ್ದುಮುಚ್ಚಿ ಮಾಡಿಸಬೇಡಿ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ, ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಆಕೆಯ ರಕ್ತವನ್ನು ಈ ಪರೀಕ್ಷೆಗೆ ತೆಗೆದುಕೊಳ್ಳುವಂತಿಲ್ಲ. ಕಾಯ್ದೆಯ ಮಾತು ಹಾಗಿರಲಿ. ಪಾಸಿಟಿವ್ ಬಂತು ಅಂದುಕೊಳ್ಳಿ, ಆಕೆ ದಿನಾ ಮಾತ್ರೆ ನುಂಗಬೇಕು. ಇದು ಯಾವುದರ ಮಾತ್ರೆ ಎಂದು ಕೇಳಿದರೆ ಏನು ಹೇಳುತ್ತೀರಿ?

ಆದರೆ ತಡ ಮಾಡುವುದಕ್ಕೂ ಆಗದು. ಬಸಿರಿನಲ್ಲಿ ಬಂದ ನೆಗೆಟಿವ್ ಅಂದಿನ ಮಾತು. ಆಮೇಲೆ ಸೋಂಕು ತಗುಲಿದ್ದರೆ, ಹೊಸತರಲ್ಲಿ ರಕ್ತದಲ್ಲೂ ಎದೆಹಾಲಲ್ಲೂ ವೈರಸ್ ಬಹಳ ಹೆಚ್ಚಿರುತ್ತದೆ. ಮಗು ಇನ್ನೂ ಹಾಲು ಕುಡಿಯುತ್ತಿದೆ. ಹಾಗಾಗಿ ಮುಂದಿನ ತಿಂಗಳಲ್ಲ, ಈ ವಾರವೇ. ಗಾಬರಿಯಿಂದ ನೀವೇ ಹಾಲು ಬಿಡಿಸಲು ಹೋಗಬೇಡಿ. ಮೊದಲು ಪರೀಕ್ಷೆ, ಆಮೇಲೆ ಡಾಕ್ಟರ ಮಾತು. ಇವತ್ತಿನಿಂದ ಕಾಂಡೋಮ್ ಇಲ್ಲದೆ ಕೂಡಬೇಡಿ. ಕಳೆದ ಮೂರು ದಿನದೊಳಗೆ ಕೂಡಿದ್ದರೆ ಅದನ್ನೂ ಕೌನ್ಸೆಲರ್‌ಗೆ ಹೇಳಿ. 72 ಗಂಟೆಯೊಳಗೆ ಶುರು ಮಾಡಿದರೆ ಸೋಂಕು ತಡೆಯುವ ಮಾತ್ರೆ ಇದೆ.

ಹೇಳುವುದು ಹೇಗೆ? ಅಮ್ಮನ ಕಿವಿಗೆ ಬೀಳುವ ಮನೆಯಲ್ಲಿ ಬೇಡ. ಚೆನ್ನೈನ ಸರ್ಕಾರಿ ಆಸ್ಪತ್ರೆಗಳಲ್ಲಿ ‘ನಂಬಿಕ್ಕೈ ಮೈಯಂ’ ಎಂಬ ಬೋರ್ಡು ಇರುತ್ತದಲ್ಲ, ಅದೇ ಪರೀಕ್ಷಾ ಕೇಂದ್ರ. ನಿಮ್ಮ ಕೌನ್ಸೆಲರ್ ಎದುರಿಗೇ ಇಬ್ಬರೂ ಕೂತು ಮಾತಾಡಬಹುದು. ಆಕೆಗೆ ತಮಿಳು ಅಷ್ಟಾಗಿ ಬಾರದಿದ್ದರೆ ಮೊದಲೇ ಹೇಳಿಡಿ. 1097 ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ದಯವಿಟ್ಟು ನೀವೇ ದುಭಾಷಿಯಾಗಬೇಡಿ. ಮೊದಲ ಮಾತು ಇಷ್ಟೇ ಸಾಕು: “ಟಿಬಿ ಜೊತೆಗೆ ನನಗೆ ಎಚ್‌ಐವಿ ಇದೆ. ನಿನಗೂ ಬಂದಿರಬಹುದು. ಪರೀಕ್ಷೆ ಮಾಡಿಸೋಣ.” ಲಾರಿ ದಿನಗಳ ಬಗ್ಗೆ ಕೇಳಿಯೇ ಕೇಳುತ್ತಾಳೆ. ಆಗ ಸುಳ್ಳು ಹೇಳಬೇಡಿ. ಬೈದರೆ, ಅತ್ತರೆ, ಎದ್ದು ಹೋದರೆ, ಅದು ಆಕೆಯ ಹಕ್ಕು.

ನೀವು ಹೇಳದೆ ಆಕೆ ತಾನಾಗಿ ಪರೀಕ್ಷೆಗೆ ಹೋಗುವುದು ಕಷ್ಟ.  1986ರಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕು ಪತ್ತೆಹಚ್ಚಿದವರಲ್ಲಿ ಒಬ್ಬರಾದ ಚೆನ್ನೈನ ಡಾ. ಸುನೀತಿ ಸೊಲೊಮನ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕಿತ ಹೆಂಗಸರಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟು ಬೇರೊಬ್ಬರನ್ನು ಅರಿಯದ ಗೃಹಿಣಿಯರು. ತನಗೆ ಬರಬಹುದು ಎಂದು ಅಂಥವರಿಗೆ ಹೇಗೆ ಹೊಳೆದೀತು? ನಿಮ್ಮ ಹೆಂಡತಿಗೂ ಹೊಳೆಯುವುದಿಲ್ಲ. ನೀವು ಬಾಯಿ ಬಿಡದೇ ಹೋದರೆ, ನಿಮಗೆ ಮೊದಲೇ ತಿಳಿಸಿ, ಡಾಕ್ಟರೋ ಕೌನ್ಸೆಲರೋ ಆಕೆಗೆ ಮುಖತಃ ಹೇಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ನಿಮ್ಮ ಬಾಯಿಂದ ಕೇಳುವುದೇ ಬೇರೆ.

ಆಕೆಗೆ ನೆಗೆಟಿವ್ ಬಂದರೆ ಸಾಮಾನ್ಯವಾಗಿ ಮಕ್ಕಳಿಗೆ ಪರೀಕ್ಷೆ ಬೇಕಿಲ್ಲ. ಆಕೆಗೆ ಮಾತ್ರ ಮೂರು ತಿಂಗಳ ಬಳಿಕ ಇನ್ನೊಮ್ಮೆ. ಪಾಸಿಟಿವ್ ಬಂದರೆ ಮಗಳು ಎಷ್ಟೇ ಚೂಟಿಯಾಗಿ ಆಡಿಕೊಂಡಿದ್ದರೂ ಪರೀಕ್ಷೆ ಮಾಡಿಸಿ, ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಬೆಳೆಯುವ ಮಕ್ಕಳಿದ್ದಾರೆ. ಹದಿನೆಂಟು ತಿಂಗಳು ತುಂಬದ ಮಗನಿಗೆ ವೈರಸ್ಸನ್ನೇ ಹುಡುಕುವ ಬೇರೆ ಪರೀಕ್ಷೆ. ನಿಮ್ಮ ಅಮ್ಮನಿಗೆ ಟಿಬಿ ತಪಾಸಣೆ ಸಾಕು. ಜೊತೆಯಲ್ಲಿ ಉಂಡರೆ, ಮೊಮ್ಮಕ್ಕಳನ್ನು ಎತ್ತಿಕೊಂಡರೆ ಎಚ್‌ಐವಿ ಬರುವುದಿಲ್ಲ.

ಎಚ್‌ಐವಿ ಮಾತ್ರೆ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಮೊದಲು ಶುರುವಾದ ಕೇಂದ್ರಗಳಲ್ಲಿ ಚೆನ್ನೈ ಪಕ್ಕದ ತಾಂಬರಂ ಆಸ್ಪತ್ರೆಯದೂ ಒಂದು. ತಪ್ಪದೆ ನುಂಗಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿದರೆ, ಸಂಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಊರಿಗೆ ತಿಳಿಸುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ.

ಲಾರಿ ದಿನಗಳ ಆ ಒಬ್ಬರ ಫೋನ್ ನಂಬರ್ ಇದ್ದರೆ ಕೌನ್ಸೆಲರ್‌ಗೆ ಕೊಡಿ. ನಿಮ್ಮ ಹೆಸರು ಎತ್ತದೆ ಅವರನ್ನೂ ಪರೀಕ್ಷೆಗೆ ಕರೆಯುತ್ತಾರೆ. ಅವರಿಗೂ ಮನೆ ಮಕ್ಕಳು ಇರಬಹುದು.