ಹಳೆಯ ಮನೆಗಳಿಗೆ ಸುಭದ್ರ ಭೂಸಂಪರ್ಕ

ಹಳ್ಳಿಯ ಅನೇಕ ಹಳೆಯ ಮನೆಗಳಿಗೆ ಮೊದಲು ವಿದ್ಯುತ್ ಬಂದದ್ದು ನಾಲ್ಕಾರು ದೀಪಗಳಿಗಾಗಿ ಮಾತ್ರ. ಈಗ ಅದೇ ಮನೆಗಳಲ್ಲಿ ಪಂಪು, ಮಿಕ್ಸಿ, ಬಚ್ಚಲಿನ ಗೀಸರು, ಕೊಟ್ಟಿಗೆಯ ಹಾಲು ಕರೆಯುವ ಯಂತ್ರ ಇವೆ. ಭೂಸಂಪರ್ಕ, ಅಂದರೆ ಅರ್ಥಿಂಗ್, ಮಾತ್ರ ಅಂದಿನದೇ. ಕೆಲವೆಡೆ ಅರ್ಥ್ ತಂತಿಯನ್ನು ನಲ್ಲಿಯ ಕಬ್ಬಿಣದ ಕೊಳವೆಗೆ ಸುತ್ತಿ ಬಿಟ್ಟಿರುತ್ತಾರೆ. ಮುಂದೆ ಆ ಕೊಳವೆ ತೆಗೆದು ಪಿ.ವಿ.ಸಿ. ಹಾಕಿದಾಗ ಭೂಮಿಯ ಸಂಪರ್ಕ ಕಡಿದುಹೋಗುತ್ತದೆ. ತಂತಿ ಕಣ್ಣಿಗೆ ಕಾಣುತ್ತದೆ, ಕೆಲಸಕ್ಕೆ ಬಾರದು.

ಉಪಕರಣದ ಲೋಹದ ಮೈಗೆ ವಿದ್ಯುತ್ ಸೋರಿದಾಗ ಅದನ್ನು ನೆಲಕ್ಕೆ ಹರಿಸಿ, ಫ್ಯೂಸ್ ಸುಡುವಂತೆ ಮಾಡುವುದೇ ಭೂಸಂಪರ್ಕದ ಕೆಲಸ. ಭೂಸಂಪರ್ಕದ ರೋಧ 5 ಓಮ್ ಇದ್ದರೆ 230 ವೋಲ್ಟ್‌ನಲ್ಲಿ ಸುಮಾರು 46 ಆಂಪಿಯರ್ ಹರಿದು ಫ್ಯೂಸ್ ಬೇಗನೆ ಹೋಗುತ್ತದೆ. ರೋಧ 50 ಓಮ್ ಆದರೆ ಹರಿಯುವುದು 4.6 ಆಂಪಿಯರ್ ಅಷ್ಟೇ. 5 ಆಂಪಿಯರ್ ಫ್ಯೂಸ್ ಕೂಡ ಸುಡದೆ, ಗೀಸರಿನ ಮೈಯಲ್ಲಿ ಪ್ರಾಣಾಪಾಯದ ವಿದ್ಯುತ್ ಹಾಗೆಯೇ ನಿಲ್ಲುತ್ತದೆ.

ಫೇಸ್ ಮತ್ತು ಅರ್ಥ್ ನಡುವೆ ಬಲ್ಬು ಉರಿಸಿ “ಅರ್ಥ್ ಚೆನ್ನಾಗಿದೆ” ಎನ್ನುವ ವಾಡಿಕೆಯುಂಟು. ಇದನ್ನು ನಂಬಬಾರದು. 100 ವಾಟ್ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. 50 ಓಮ್‌ನ ಕೆಟ್ಟ ಅರ್ಥ್ ಮೇಲೂ ಅದು ಬಹುಮಟ್ಟಿಗೆ ಪ್ರಕಾಶವಾಗಿಯೇ ಉರಿಯುತ್ತದೆ. ಪರವಾನಗಿ ಪಡೆದ ವೈರ್‌ಮನ್‌ನಿಂದ ಅರ್ಥ್ ಟೆಸ್ಟರ್ ಹಿಡಿಸಿ ಅಳೆಸುವುದೇ ಸರಿಯಾದ ಕ್ರಮ. ಬೇಸಿಗೆಯಲ್ಲಿ ಅಳೆಸಬೇಕು. ಮಳೆಗಾಲದ ಹಸಿ ಮಣ್ಣಿನಲ್ಲಿ ಎಲ್ಲ ಅರ್ಥ್‌ಗಳೂ ಒಳ್ಳೆಯವೇ!

ಹೊಸ ಭೂಸಂಪರ್ಕಕ್ಕೆ ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ, ಬಚ್ಚಲ ನೀರಿನ ತೇವ ತಗಲುವ ಜಾಗ ಆರಿಸಬಹುದು. 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ, ರಂಧ್ರ ಕೊರೆದ ಜಿ.ಐ. ಕೊಳವೆಯನ್ನು ನೇರವಾಗಿ ನಿಲ್ಲಿಸಿ ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವುದು ರೂಢಿ. ಉಪ್ಪು ಕ್ರಮೇಣ ತೊಳೆದುಹೋಗುತ್ತದೆ, ಕೊಳವೆಗೆ ತುಕ್ಕನ್ನೂ ತರುತ್ತದೆ. ಬೆಂಟೊನೈಟ್ ಜೇಡಿ ಸಿಕ್ಕರೆ ಅದೇ ಮೇಲು. ಎರೆಭೂಮಿಯಲ್ಲಿ ಒಂದು ಕೊಳವೆ ಸಾಕಾಗಬಹುದು. ಗರಸು ಅಥವಾ ಕಲ್ಲು ನೆಲದಲ್ಲಿ ರೋಧ ಇಳಿಯದಿದ್ದರೆ, ಕೊಳವೆಯ ಉದ್ದಕ್ಕಿಂತ ಹೆಚ್ಚು ಅಂತರದಲ್ಲಿ ಇನ್ನೊಂದನ್ನು ಹೂಳಿ ಎರಡನ್ನೂ ಜೋಡಿಸಬೇಕು.

ಗುಂಡಿ ತೋಡಿದ ಮಾತ್ರಕ್ಕೆ ಕೆಲಸ ಮುಗಿಯದು. ಎರಡೇ ತಂತಿಯಿರುವ ಹಳೆಯ ಸಾಲುಗಳಿಗೆ ಹಸಿರು ಅರ್ಥ್ ತಂತಿಯನ್ನು ಮುಖ್ಯ ಹಲಗೆಯಿಂದ ಪ್ರತಿ ಮೂರು ಪಿನ್ ಸಾಕೆಟ್ಟಿನವರೆಗೂ ತುಂಡಾಗದಂತೆ ಎಳೆಯಬೇಕು. ಸಾಕೆಟ್ಟಿನಲ್ಲಿ ನ್ಯೂಟ್ರಲನ್ನೇ ಅರ್ಥ್‌ಗೆ ಸೇರಿಸುವ ಅಗ್ಗದ ಉಪಾಯ ಬಹು ಅಪಾಯಕರ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದರೆ ಉಪಕರಣಗಳ ಮೈಗೆಲ್ಲ ವಿದ್ಯುತ್ ಬರುತ್ತದೆ.

ಇದರೊಂದಿಗೆ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸುವುದು ಅವಶ್ಯ. ಫ್ಯೂಸಿಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆಗೂ ಇದು ಕ್ಷಣದೊಳಗೆ ವಿದ್ಯುತ್ ಕಡಿಯುತ್ತದೆ. ಆದರೆ ಫ್ಯೂಸ್ ಅಥವಾ ಎಂ.ಸಿ.ಬಿ.ಯನ್ನು ತೆಗೆದು ಇದನ್ನು ಹಾಕಬಾರದು, ಎರಡೂ ಇರಬೇಕು. ಕೊಟ್ಟಿಗೆಗೆ ಇದು ಇನ್ನೂ ಮುಖ್ಯ: ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತ ದನಗಳಿಗೆ ಮನುಷ್ಯರಿಗಿಂತ ಕಡಿಮೆ ವಿದ್ಯುತ್ತೇ ಆಘಾತವಾಗುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬೇಸಿಗೆಯಲ್ಲಿ ಭೂಸಂಪರ್ಕದ ಗುಂಡಿಗೆ ಆಗಾಗ್ಗೆ ಒಂದೆರಡು ಕೊಡ ನೀರು ಹಾಕಬೇಕು.