ನೀರಿನ ಟಾಕಿ ಎಷ್ಟು ದೊಡ್ಡದಿರಬೇಕು?



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ನೀರಿನ ಟಾಕಿಯ ವಿಷಯದಲ್ಲಿ ಮಾತ್ರ ಅದನ್ನು ತಿರುಗಿಸಿ ಹೇಳಬೇಕು. ಮೊದಲು ಕಾಲಿನ ಉದ್ದವನ್ನು ಅಳೆಯಬೇಕು. ಬಳಿಕ ಹಾಸಿಗೆಯನ್ನು ಹೊಲಿಸಬೇಕು.

ನಮ್ಮ ಶಾಲೆಯ ಮಾಳಿಗೆಯ ಮೇಲಿನ ಟಾಕಿ ಕಳೆದ ಬೇಸಿಗೆಯಲ್ಲಿ ದಿನವೂ ಮಧ್ಯಾಹ್ನದೊಳಗೆ ಬರಿದಾಗುತ್ತಿತ್ತು. “ಮಕ್ಕಳು ನೀರು ಪೋಲು ಮಾಡುತ್ತಾರೆ” ಎಂದು ನಾವು ಶಿಕ್ಷಕರು ಗದರಿದ್ದೂ ಉಂಟು. ಆದರೆ ಕೆಲವು ಹುಡುಗಿಯರು ಬಾಯಿಯವರ ಬಳಿ ಬೇರೆಯೇ ಸಂಗತಿಯನ್ನು ಹೇಳಿದರು. ಶೌಚಾಲಯದಲ್ಲಿ ನೀರು ಇರುವುದಿಲ್ಲವೆಂದು ಅವರು ಮುಂಜಾನೆಯಿಂದ ಮನೆಗೆ ಮರಳುವವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಇದನ್ನು ಕೇಳಿದ ಮೇಲೆ ಗದರುವುದನ್ನು ಬಿಟ್ಟು, ಒಂಬತ್ತನೆಯ ಇಯತ್ತೆಯ ಮಕ್ಕಳೊಡನೆ ಅಳತೆಪಟ್ಟಿ ಹಿಡಿದು ಲೆಕ್ಕಕ್ಕೆ ಕುಳಿತೆವು. ಆ ಲೆಕ್ಕವೇ ಈ ಪಾಠ.

ಮೊದಲನೆಯ ಪ್ರಶ್ನೆ: ದಿನಕ್ಕೆ ಎಷ್ಟು ನೀರು ಬೇಕು?

ನಮ್ಮ ದೇಶದಲ್ಲಿ ಇದಕ್ಕೆ ಗೊತ್ತುಪಡಿಸಿದ ಪ್ರಮಾಣಗಳಿವೆ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ನಳದ ನೀರಿದ್ದು ಒಳಚರಂಡಿ ಇಲ್ಲದ ಊರಿನಲ್ಲಿ 70 ಲೀಟರ್. ಜಲಜೀವನ ಯೋಜನೆಯು ಹಳ್ಳಿಯ ಮನೆಗಳಿಗೆ ಇಟ್ಟುಕೊಂಡ ಗುರಿ 55 ಲೀಟರ್. ಮಕ್ಕಳು ಹಗಲು ಮಾತ್ರ ಇರುವ ಶಾಲೆಗೆ ತಲೆಗೆ 45 ಲೀಟರ್.

ಎರಡನೆಯ ಪ್ರಶ್ನೆ: ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ?

ಟಾಕಿಯ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಇದೇ. ನಮ್ಮ ಭಾಗದ ಊರುಗಳನ್ನೇ ನೋಡಿರಿ. ಗಡಹಿಂಗ್ಲಜಕ್ಕೆ ಹಿರಣ್ಯಕೇಶಿ ನದಿಯ ಆಸರೆ. ಇಚಲಕರಂಜಿಯ ಬಳಿ ಪಂಚಗಂಗೆ ಹರಿದರೂ, ಆ ನೀರು ಮಲಿನವಾದ್ದರಿಂದ ಕೃಷ್ಣಾ ನದಿಯ ನೀರನ್ನು ಮಜರೇವಾಡಿಯಿಂದ ತರಬೇಕಾಯಿತು. ಕೊಲ್ಹಾಪುರಕ್ಕೆ ಸಂಸ್ಥಾನದ ಕಾಲದಿಂದ ಕಳಂಬಾ ಕೆರೆ ಇತ್ತು. ಬಳಿಕ ನದಿಯ ನೀರು ಬಂತು. 2023ರಲ್ಲಿ ಕಾಳಮ್ಮವಾಡಿ ಅಣೆಕಟ್ಟಿನಿಂದ 50 ಕಿಲೋಮೀಟರಿಗೂ ಉದ್ದದ ಕೊಳವೆಯ ಮೂಲಕ ನೀರು ತಲುಪಿತು. ನೀರು ದೂರದಿಂದ ಬಂದಷ್ಟೂ ಕೊಳವೆ ಒಡೆಯುವುದು, ವಿದ್ಯುತ್ತು ಹೋಗುವುದು ಮೊದಲಾದ ಅಡಚಣೆಗಳು ಹೆಚ್ಚು. ಆ ದಿನಗಳನ್ನು ದಾಟಿಸುವುದೇ ಟಾಕಿಯ ಕೆಲಸ.

ಒಂದು ಮನೆಯ ಲೆಕ್ಕ ಮಾಡೋಣ. ಮನೆಯಲ್ಲಿ ಆರು ಜನ. ತಲೆಗೆ 70 ಲೀಟರ್. ನೀರು ಮೂರು ದಿನಕ್ಕೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳಿರಿ.

ದಿನಕ್ಕೆ: 6 × 70 = 420 ಲೀಟರ್
ಮೂರು ದಿನಕ್ಕೆ: 420 × 3 = 1,260 ಲೀಟರ್
ಅಡಚಣೆಗೆಂದು ಕಾಲು ಭಾಗ ಹೆಚ್ಚು: 315 ಲೀಟರ್
ಒಟ್ಟು: 1,575 ಲೀಟರ್

ಒಂದು ಘನಮೀಟರಿಗೆ 1,000 ಲೀಟರ್. 1.5 ಮೀಟರ್ ಉದ್ದ, 1.2 ಮೀಟರ್ ಅಗಲದ ಹೌದದಲ್ಲಿ ನೀರು 1 ಮೀಟರ್ ಆಳ ನಿಂತರೆ 1.8 ಘನಮೀಟರ್, ಅಂದರೆ 1,800 ಲೀಟರ್ ಆಯಿತು. ನೀರಿನ ಮೇಲೆ ಒಂದು ಗೇಣಿನಷ್ಟು ಜಾಗ ಖಾಲಿ ಬಿಡಬೇಕಾದ್ದರಿಂದ ಗವಂಡಿಗೆ ಆಳವನ್ನು 1.2 ಮೀಟರ್ ಎಂದು ಹೇಳಬೇಕು. ಈ ಒಂದು ಗೇಣನ್ನು ಮರೆತು ಮೋಸಹೋದವರು ಬಹಳ.

ಮೂರನೆಯ ಪ್ರಶ್ನೆ: ಬರುವ ನೀರು ಟಾಕಿಯನ್ನು ತುಂಬಬಲ್ಲುದೇ?

ಇದನ್ನು ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯ ಲೆಕ್ಕದಲ್ಲಿ ನಮ್ಮ ಕಣ್ಣು ತೆರೆಯಿಸಿದ್ದು ಇದೇ ಪ್ರಶ್ನೆ.

ಶಾಲೆಯಲ್ಲಿ ಮಕ್ಕಳು 320, ನಾವು ಸಿಬ್ಬಂದಿ 15, ಒಟ್ಟು 335. ಪ್ರಮಾಣದಂತೆ ದಿನಕ್ಕೆ 335 × 45 = 15,075 ಲೀಟರ್ ಬೇಕು. ನಮ್ಮ ದುಂಡನೆಯ ಟಾಕಿಯ ಒಳವ್ಯಾಸ 1.4 ಮೀಟರ್, ನೀರಿನ ಆಳ 1.3 ಮೀಟರ್. ತ್ರಿಜ್ಯ 0.7 ಆದ್ದರಿಂದ 3.14 × 0.7 × 0.7 × 1.3 = ಸುಮಾರು 2 ಘನಮೀಟರ್. ಅಂದರೆ 2,000 ಲೀಟರ್. ತಲೆಗೆ ಆರು ಲೀಟರ್! ನೀರನ್ನು ಪೋಲು ಮಾಡಲು ಅಲ್ಲಿ ನೀರೇ ಇರಲಿಲ್ಲ.

ಬಳಿಕ ಮಕ್ಕಳು 15 ಲೀಟರಿನ ಕೊಡವನ್ನು ನಳದ ಕೆಳಗಿಟ್ಟು ಗಡಿಯಾರ ನೋಡಿದರು. ಕೊಡ ಅರ್ಧ ನಿಮಿಷದಲ್ಲಿ ತುಂಬಿತು. ನಿಮಿಷಕ್ಕೆ 30 ಲೀಟರ್. ನಳ ದಿನಕ್ಕೆ ಎರಡು ತಾಸು ಬರುವುದರಿಂದ 3,600 ಲೀಟರ್. ಇದರಿಂದ ಎರಡು ಸಂಗತಿಗಳು ತಿಳಿದವು. ಒಂದು, 15,000 ಲೀಟರಿನ ಟಾಕಿ ಕಟ್ಟಿದ ಮಾತ್ರಕ್ಕೆ ನೀರು ಹೆಚ್ಚಾಗದು. ಟಾಕಿಯೆಂಬುದು ಹಣದ ಚೀಲವಿದ್ದಂತೆ. ಚೀಲ ದೊಡ್ಡದಾದರೆ ಗಳಿಕೆ ಹೆಚ್ಚುವುದಿಲ್ಲ. ಎರಡು, ಬರುವ 3,600ರಲ್ಲಿ ನಾವು ಹಿಡಿಯುತ್ತಿದ್ದುದು 2,000 ಮಾತ್ರ. ಟಾಕಿ ತುಂಬಿತೆಂದು ನಳವನ್ನು ಮುಚ್ಚಿ, ದಿನವೂ 1,600 ಲೀಟರನ್ನು ಬಿಟ್ಟುಕೊಡುತ್ತಿದ್ದೆವು. ರವಿವಾರದ ನೀರಂತೂ ಪೂರ್ತಿ ಕೈಬಿಡುತ್ತಿತ್ತು.

ಹಾಗಾದರೆ ಪರಿಹಾರವೇನು? ನೆಲದೊಳಗೆ 3 ಮೀಟರ್ ಉದ್ದ, 2.5 ಮೀಟರ್ ಅಗಲ, 2 ಮೀಟರ್ ನೀರಿನ ಆಳದ ಹೌದ ಕಟ್ಟಿದರೆ ಸರಿಯಾಗಿ 15,000 ಲೀಟರ್ ಹಿಡಿಯುತ್ತದೆ. ಸದ್ಯಕ್ಕೆ ನಳದ ನೀರೆಲ್ಲ ಅದರಲ್ಲಿ ಸೇರಲಿ. ರಜೆಯ ದಿನದ ನೀರೂ ಸೇರಲಿ. ಜೊತೆಗೆ ದೊಡ್ಡ ಕೊಳವೆಯ ಜೋಡಣೆಗೆ ಅರ್ಜಿ ಕೊಡಬೇಕು. ಮಾಳಿಗೆಯ ಮಳೆನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿದು ಶೌಚಾಲಯಕ್ಕೆ ಬಳಸಬಹುದು. 300 ಚದರ ಮೀಟರ್ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 6,000 ಲೀಟರ್ ಆಗುತ್ತದೆ. ಐದರಲ್ಲಿ ಒಂದು ಪಾಲು ಹೋದರೂ 4,800 ಉಳಿಯುತ್ತದೆ.

“ಹೌದವೇಕೆ, ಮೇಲೆಯೇ ದೊಡ್ಡ ಟಾಕಿ ಇಡಬಾರದೇ?” ಎಂದು ಒಬ್ಬ ಹುಡುಗ ಕೇಳಿದ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಮ್. 15,000 ಲೀಟರೆಂದರೆ 15 ಟನ್ ಭಾರ! ಹಳೆಯ ಮಾಳಿಗೆ ಅದನ್ನು ಹೊರಲಾರದು. ನಳದಲ್ಲಿ ನೀರಿನ ರಭಸಕ್ಕೆ ಬೇಕಾದುದು ಎತ್ತರವೇ ಹೊರತು ನೀರಿನ ರಾಶಿಯಲ್ಲ. ಆದ್ದರಿಂದ ಹೆಚ್ಚಿನ ನೀರು ಕೆಳಗಿರಲಿ, ಪಂಪಿನಿಂದ ಸ್ವಲ್ಪಸ್ವಲ್ಪವಾಗಿ ಮೇಲೇರಲಿ. ಮೇಲಿನ ಟಾಕಿಯನ್ನು ಹಿರಿದು ಮಾಡುವ ಮೊದಲು ಇಂಜಿನಿಯರರಿಗೆ ತೋರಿಸಲೇಬೇಕು.

ಕೊನೆಯದಾಗಿ ಎರಡು ಎಚ್ಚರಿಕೆಗಳು.

2019ರ ಆಗಸ್ಟಿನ ಮಹಾಪೂರವನ್ನು ನಿಮ್ಮ ತಂದೆತಾಯಿಗಳು ಮರೆತಿರಲಾರರು. ಪಂಚಗಂಗೆ ಉಕ್ಕಿ ನೀರೆತ್ತುವ ಪಂಪುಗಳೇ ಮುಳುಗಿದ್ದರಿಂದ ಕೊಲ್ಹಾಪುರದಲ್ಲಿ ಸುತ್ತಲೂ ನೀರಿದ್ದರೂ ನಳಗಳು ಒಣಗಿದವು. ಅಂಥ ಹೊತ್ತಿಗೆ ಕುಡಿಯಲು ಮತ್ತು ಅಡಿಗೆಗೆ ತಲೆಗೆ 5 ಲೀಟರಿನಂತೆ, ಆರು ಜನರಿಗೆ ನಾಲ್ಕು ದಿನಕ್ಕೆ 120 ಲೀಟರ್, ಅಂದರೆ ಎಂಟು ಕೊಡ ನೀರು ಬೇಕು. ಮಳೆಗಾಲದಲ್ಲಿ ಇಷ್ಟನ್ನು ಮುಚ್ಚಿಟ್ಟು, ಆಗಾಗ ಬದಲಿಸುತ್ತಿರಬೇಕು.

ಇನ್ನೊಂದು, ಟಾಕಿ ಅತಿ ದೊಡ್ಡದಾದರೂ ಕೇಡು. ಬಹುದಿನ ನಿಂತ ನೀರಿನಲ್ಲಿ ಕ್ಲೋರಿನ್ ಅಂಶ ಉಳಿಯುವುದಿಲ್ಲ. ಡೆಂಗಿ ಹರಡುವ ಸೊಳ್ಳೆಯು ಮನೆಯಲ್ಲಿ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಅದು ಸೊಳ್ಳೆಯಾಗಿ ಹಾರುತ್ತದೆ. ಬಿಗಿಯಾದ ಮುಚ್ಚಳ, ತುಂಬಿ ಹರಿಯುವ ಕೊಳವೆಯ ಬಾಯಿಗೆ ಜಾಳಿಗೆ, ವಾರಕ್ಕೊಮ್ಮೆ ಕೊಡ ಹಂಡೆಗಳನ್ನು ಬರಿದು ಮಾಡಿ ತಿಕ್ಕುವುದು — ಇವು ತಪ್ಪಬಾರದು.

ಪಾಲಕರೇ, ಈ ಲೆಕ್ಕವನ್ನು ಬರುವ ಪಾಲಕರ ಸಭೆಯಲ್ಲಿ ನಿಮ್ಮ ಮುಂದಿಡುತ್ತೇವೆ. ಹೌದಕ್ಕೆ ತಗಲುವ ಖರ್ಚನ್ನು ಕೇಳಿ ಹಿಂಜರಿಯುವ ಮೊದಲು, ದಿನವೆಲ್ಲ ಬಾಯಾರಿ ಕುಳಿತ ನಿಮ್ಮ ಮಗಳನ್ನು ಒಮ್ಮೆ ನೆನೆಯಿರಿ. ಆ ಹುಡುಗಿಯರ ಬಾಯಾರಿಕೆ ನಮ್ಮ ಅಳತೆಪಟ್ಟಿಗೆ ಸಿಕ್ಕಿರಲಿಲ್ಲ. ಕೇಳಿದ ಮೇಲೆ ತಿಳಿಯಿತು.

ವಿದ್ಯಾರ್ಥಿಗಳಿಗೆ ಅಭ್ಯಾಸ: ನಿಮ್ಮ ಮನೆಯ ಜನಸಂಖ್ಯೆ, ನಳ ಬರುವ ದಿನ ಮತ್ತು ತಾಸು, ಒಂದು ಕೊಡ ತುಂಬಲು ಹಿಡಿಯುವ ಸಮಯ — ಇವನ್ನು ಬರೆದುಕೊಂಡು ನಿಮ್ಮ ಮನೆಗೆ ತಕ್ಕ ಟಾಕಿಯ ಉದ್ದ, ಅಗಲ, ಆಳಗಳನ್ನು ಕಂಡುಹಿಡಿಯಿರಿ. ಗೇಣನ್ನು ಮರೆಯಬೇಡಿರಿ.